ಮೊದಲು ಸಿಗುವ ಆಸ್ಪತ್ರೆ

ಹಲಗೂರಿನ ಸುತ್ತಮುತ್ತ ಹೊತ್ತಲ್ಲದ ಹೊತ್ತಿನಲ್ಲಿ ಯಾರ ಜೀವಕ್ಕಾದರೂ ಸಂಚಕಾರ ಬಂದರೆ ಮುಂದಿನ ದಾರಿ ಎಲ್ಲರಿಗೂ ಗೊತ್ತು. ಮೊದಲು ಊರಿನ ಸರ್ಕಾರಿ ಆಸ್ಪತ್ರೆ. ಅಲ್ಲಿ ಆಗದಿದ್ದರೆ ಮಳವಳ್ಳಿ. ಅಲ್ಲೂ ಬರೆದುಕೊಟ್ಟರೆ ಮಂಡ್ಯದ ಮಿಮ್ಸ್, ಇಲ್ಲವೇ ಕಿರುಗಾವಲು, ಬನ್ನೂರು ದಾಟಿ ಮೈಸೂರಿನ ಕೆ.ಆರ್. ಆಸ್ಪತ್ರೆ. ಕೈಯಲ್ಲಿ ನಾಲ್ಕು ಕಾಸಿರುವವರು, ಬೆಂಗಳೂರಿನಲ್ಲಿ ಮಕ್ಕಳಿರುವವರು ಸಾತನೂರು, ಕನಕಪುರದ ಕಡೆಗೆ ಗಾಡಿ ತಿರುಗಿಸುತ್ತಾರೆ. ಮದ್ದೂರಿನ ಕಡೆಯವರಿಗೆ ಬೆಂಗಳೂರು–ಮೈಸೂರು ಹೆದ್ದಾರಿ ಕೈಗೆಟಕುವಂತಿದೆ. ಹಲಗೂರಿನವರಿಗೆ ಆ ಅನುಕೂಲವೂ ಇಲ್ಲ.

ಇಲ್ಲಿಂದ ಹೊರಡುವ ಆಂಬುಲೆನ್ಸಿನೊಳಗೆ ಯಾರಿರುತ್ತಾರೆ ಎಂಬುದನ್ನು ಈ ಸೀಮೆಯ ನೆಲವೇ ಹೇಳುತ್ತದೆ. ಕೊಳ್ಳೇಗಾಲದ ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದವರು, ಭಾರತೀನಗರದ ಕಾರ್ಖಾನೆಗೋ ಕೊಪ್ಪದ ಕಾರ್ಖಾನೆಗೋ ಕಬ್ಬು ಹೇರಿಕೊಂಡು ರಾತ್ರಿ ಹೊರಟ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದವರು. ಮುತ್ತತ್ತಿಗೆ ಬಂದು ಕಾವೇರಿಯ ಸುಳಿಗೆ ಸಿಕ್ಕವರು. ಕಾವೇರಿ ವನ್ಯಧಾಮದ ಅಂಚಿನ ಹೊಲದಲ್ಲಿ ಆನೆಗೆ ಎದುರಾದವರು. ಹಾವು ಕಚ್ಚಿಸಿಕೊಂಡವರು. ಮನಸ್ಸು ಕೆಟ್ಟ ಗಳಿಗೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಕುಡಿದವರು. ಎದೆ ಉರಿಯನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದು ಎರಡು ಗಂಟೆ ಕಳೆದ ಮೇಲೆ ಬಂದವರು.

ಇಂಥ ಹೊತ್ತಿನಲ್ಲಿ ಮನೆಯವರ ಮನಸ್ಸು ಒಂದೇ ದಿಕ್ಕಿಗೆ ಓಡುತ್ತದೆ. ಆದಷ್ಟು ಬೇಗ ದೊಡ್ಡ ಆಸ್ಪತ್ರೆ ಸೇರಿಸಬೇಕು, ಅಲ್ಲಿ ಎಲ್ಲಾ ಮಿಷನ್ನುಗಳಿವೆ, ಅಲ್ಲಿ ದೊಡ್ಡ ಡಾಕ್ಟರಿದ್ದಾರೆ. ಅದು ಸಹಜ, ಎಷ್ಟೋ ಸಲ ಅಗತ್ಯ ಕೂಡ. ಆದರೆ ತುರ್ತು ಚಿಕಿತ್ಸೆಯ ಬಗ್ಗೆ ಕಳೆದ ಎರಡು ಮೂರು ದಶಕಗಳಲ್ಲಿ ನಡೆದ ಸಂಶೋಧನೆಯನ್ನು ಓದುತ್ತ ಹೋದರೆ ಮತ್ತೆ ಮತ್ತೆ ಒಂದೇ ಸಂಗತಿ ಎದುರಾಗುತ್ತದೆ. ಕೈತಪ್ಪಬಹುದಾಗಿದ್ದ ಎಷ್ಟೋ ಜೀವಗಳು ಉಳಿದದ್ದು ಮೊದಲು ಸಿಕ್ಕ ಆಸ್ಪತ್ರೆಯಲ್ಲಿ, ಕಡಿಮೆ ಬೆಲೆಯ ಔಷಧದಿಂದ, ಹೊತ್ತು ಮೀರುವ ಮುಂಚೆ ಕ್ರಮ ತಪ್ಪದೆ ಮಾಡಿದ ಕೆಲಸದಿಂದ. ಹಾಗಾಗಿ ಮಳವಳ್ಳಿ, ಹಲಗೂರಿನಂಥ ಕಡೆಯ ಕ್ಯಾಜುಯಲ್ಟಿಯನ್ನು ಚೀಟಿ ಬರೆದುಕೊಡುವ ಜಾಗವೆಂದು ನೋಡುವುದನ್ನು ನಾವು ಬಿಡಬೇಕು. ಜೀವ ಉಳಿಯುವುದೋ ಹೋಗುವುದೋ ಅಲ್ಲೇ ತೀರ್ಮಾನವಾಗುತ್ತಿದೆ.

ನಮ್ಮ ದೇಶದಲ್ಲಿ ಈ ವಿದ್ಯೆ ಇನ್ನೂ ಎಳೆಯದು. ತುರ್ತು ವೈದ್ಯಕೀಯವನ್ನು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಭಾರತೀಯ ವೈದ್ಯಕೀಯ ಮಂಡಳಿ ಮಾನ್ಯ ಮಾಡಿದ್ದೇ 2009ರಲ್ಲಿ. ಅದಕ್ಕೆ ಮೊದಲು ಕ್ಯಾಜುಯಲ್ಟಿ ಎಂದರೆ ಹೊಸದಾಗಿ ಎಂಬಿಬಿಎಸ್ ಮುಗಿಸಿದವರನ್ನು ರಾತ್ರಿ ಪಾಳಿಗೆ ಕೂರಿಸುವ ಕೋಣೆ ಎಂದೇ ಬಹಳ ಕಡೆ ಲೆಕ್ಕವಿತ್ತು. ಕಣ್ಣಿನ ಡಾಕ್ಟರು, ಮೂಳೆ ಡಾಕ್ಟರು, ಹೃದಯದ ಡಾಕ್ಟರು ಇರುತ್ತಿದ್ದರು. ಬಾಗಿಲಲ್ಲಿ ಬಂದು ಬಿದ್ದವನನ್ನು ಮೊದಲ ಹತ್ತು ನಿಮಿಷ ಹೇಗೆ ನೋಡಿಕೊಳ್ಳಬೇಕು ಎಂಬುದನ್ನೇ ಓದಿದವರು ಇರಲಿಲ್ಲ.

ಹಾವಿನ ವಿಷಯವನ್ನೇ ಮೊದಲು ತೆಗೆದುಕೊಳ್ಳೋಣ. ಗದ್ದೆ, ಕಬ್ಬು, ಹಿಪ್ಪುನೇರಳೆಯ ಈ ಸೀಮೆಗೆ ಅದಕ್ಕಿಂತ ಹತ್ತಿರದ ತುರ್ತು ಬೇರೊಂದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58,000 ಎಂದು 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಮನೆಮನೆಗೆ ಹೋಗಿ ಸಾವಿನ ಕಾರಣ ಕೇಳಿ ಬರೆದುಕೊಂಡ ದೊಡ್ಡ ಸಮೀಕ್ಷೆಯಿಂದ ಬಂದ ಲೆಕ್ಕವಿದು. ಆಸ್ಪತ್ರೆಯ ರಿಜಿಸ್ಟರುಗಳಲ್ಲಿ ಇದರ ಒಂದು ಪಾಲು ಮಾತ್ರ ಸಿಗುತ್ತದೆ, ಏಕೆಂದರೆ ಸತ್ತವರಲ್ಲಿ ಹೆಚ್ಚಿನವರು ಆಸ್ಪತ್ರೆಯ ಬಾಗಿಲು ಕಂಡವರೇ ಅಲ್ಲ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಸಂಗತಿಯೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಯಿರಲಿ, ಸರ್ಕಾರಿ ಆಸ್ಪತ್ರೆಯಿರಲಿ, ಪ್ರಕರಣ ಬಂದರೆ ತಿಳಿಸಲೇಬೇಕು. ದೇಶದಲ್ಲಿ ಈ ಹೆಜ್ಜೆಯಿಟ್ಟ ಮೊದಲ ರಾಜ್ಯ ನಮ್ಮದು. ನನ್ನ ಮಟ್ಟಿಗೆ ಇದು ಸಣ್ಣ ಸುದ್ದಿಯಲ್ಲ. ಎಲ್ಲಿ, ಯಾವ ತಿಂಗಳು, ಎಷ್ಟು ಜನರಿಗೆ ಕಚ್ಚಿತು ಎಂದು ಗೊತ್ತಿಲ್ಲದೆ ಯಾವ ಊರಿನ ಆಸ್ಪತ್ರೆಗೆ ಎಷ್ಟು ವಯಲ್ ಔಷಧ ಕಳಿಸಬೇಕು ಎಂದು ಯಾರು ತಾನೆ ಹೇಳಬಲ್ಲರು?

ಕೊಳಕುಮಂಡಲ ಕಚ್ಚಿದರೆ ವಿಷ ರಕ್ತಕ್ಕೆ ಏರುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಏರಿದೆಯೋ ಇಲ್ಲವೋ ಎಂದು ತಿಳಿಯಲು ದೊಡ್ಡ ಲ್ಯಾಬು ಬೇಕಿಲ್ಲ. ಒಣಗಿದ, ಸ್ವಚ್ಛವಾದ, ಹೊಸ ಗಾಜಿನ ಕೊಳವೆಯೊಂದು ಸಾಕು. ರೋಗಿಯ ಕೈಯಿಂದ 2 ಮಿ.ಲೀ. ರಕ್ತ ತೆಗೆದು ಅದರೊಳಗೆ ಬಿಟ್ಟು, ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಲ್ಲಿಸಿ, ಗಡಿಯಾರ ನೋಡಿ 20 ನಿಮಿಷ ಮುಟ್ಟದೆ ಬಿಡಬೇಕು. ಆಮೇಲೆ ಒಂದೇ ಒಂದು ಸಲ ಮಗುಚಿ ನೋಡಬೇಕು. ರಕ್ತ ಗಟ್ಟಿಯಾಗಿ ತಳದಲ್ಲೇ ನಿಂತರೆ ಸದ್ಯಕ್ಕೆ ವಿಷ ರಕ್ತಕ್ಕಿಳಿದಿಲ್ಲ. ನೀರಿನ ಹಾಗೆ ಹರಿದರೆ ಆಂಟಿವೆನಮ್ ಕೊಡಲು ತಡಮಾಡುವಂತಿಲ್ಲ. ಕೊಳವೆ ಗಾಜಿನದೇ ಆಗಬೇಕು. ಗಾಜಿನ ಮೈ ತಾಗಿದಾಗಲೇ ಹೆಪ್ಪುಗಟ್ಟುವ ಕ್ರಿಯೆಗೆ ಚಾಲನೆ ಸಿಗುವುದು, ಪ್ಲಾಸ್ಟಿಕ್ಕಿನಲ್ಲಿ ಅದು ಸರಿಯಾಗಿ ನಡೆಯುವುದಿಲ್ಲ. ಸೋಪು ಹಾಕಿ ತೊಳೆದ ಹಳೆಯ ಕೊಳವೆಯಾದರೂ ಫಲಿತಾಂಶ ತಪ್ಪಾಗುತ್ತದೆ, ವಿಷವಿಲ್ಲದವನಿಗೂ ವಿಷವಿದೆಯೆಂದು ತೋರಿಸುತ್ತದೆ. ಲಕ್ಷಗಟ್ಟಲೆಯ ಯಂತ್ರಕ್ಕೆ ಟೆಂಡರು ಕರೆಯುವ ವ್ಯವಸ್ಥೆಯಲ್ಲಿ ಕೆಲವೇ ರೂಪಾಯಿಯ ಗಾಜಿನ ಕೊಳವೆ ಸ್ಟೋರಿನಲ್ಲಿ ಮುಗಿದುಹೋದರೆ ಯಾರಿಗೂ ತಿಳಿಯುವುದಿಲ್ಲ.

ಕಟ್ಟುಹಾವಿನ ಕಥೆ ಬೇರೆ. ಅದು ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ, ರಕ್ತ ಕಾಣುವುದೇ ಅಪರೂಪ. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರ ರೆಪ್ಪೆ ಜೋತುಬೀಳತೊಡಗುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಕೈಕೊಡುತ್ತವೆ. ಗಾಜಿನ ಕೊಳವೆಯ ಪರೀಕ್ಷೆ ಇಲ್ಲಿ ಏನನ್ನೂ ಹೇಳುವುದಿಲ್ಲ. ರೆಪ್ಪೆ ನೋಡುವ ಕಣ್ಣು ಬೇಕು, ಉಸಿರು ನಿಲ್ಲುತ್ತ ಬಂದರೆ ಅಂಬು ಬ್ಯಾಗ್ ಹಿಡಿದು ಬೆಳಗಿನವರೆಗೂ ಒತ್ತುವ ಕೈ ಬೇಕು. ಹಾಗೆ ಒತ್ತಿಸಿಕೊಂಡೇ ದೊಡ್ಡ ಆಸ್ಪತ್ರೆಯ ವೆಂಟಿಲೇಟರಿನವರೆಗೆ ಮುಟ್ಟಿ ಬದುಕುವುದು ಸಾಧ್ಯ. ಆಂಟಿವೆನಮ್‌ಗೂ ತನ್ನದೇ ಅಪಾಯವಿದೆ. ಅದು ಕುದುರೆಯ ರಕ್ತದಿಂದ ತಯಾರಾಗುವಂಥದ್ದು, ಕೆಲವರಿಗೆ ಮೈಗೊಗ್ಗದೆ ಬಿ.ಪಿ. ಕುಸಿಯುತ್ತದೆ. ಅಡ್ರಿನಲಿನ್ ಅನ್ನು ಸಿರಿಂಜಿಗೆ ಎಳೆದು ಪಕ್ಕದಲ್ಲಿಟ್ಟುಕೊಂಡೇ ಡ್ರಿಪ್ ಶುರುಮಾಡಬೇಕು. ಆ ಅಡ್ರಿನಲಿನ್ ಟ್ರೇಯಲ್ಲಿದ್ದರೆ, ಅದನ್ನು ಯಾವಾಗ ಕೊಡಬೇಕೆಂದು ರಾತ್ರಿ ಪಾಳಿಯ ಸಿಸ್ಟರಿಗೆ ಹೇಳಿಕೊಟ್ಟಿದ್ದರೆ, ಸಣ್ಣ ಆಸ್ಪತ್ರೆಯ ವೈದ್ಯರು ಆಂಟಿವೆನಮ್ ಕೊಡಲು ಹೆದರಬೇಕಿಲ್ಲ. ಆ ಹೆದರಿಕೆಯಿಂದಲೇ ಎಷ್ಟೋ ಕಡೆ ಮೊದಲ ಡೋಸು ಕೊಡದೆ ಮುಂದಕ್ಕೆ ಕಳಿಸಿಬಿಡುತ್ತಾರೆ. ದಾರಿಯ ಒಂದೂವರೆ ಗಂಟೆಯಲ್ಲಿ ವಿಷ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಇನ್ನು ರಸ್ತೆಯಲ್ಲಿ ಬಿದ್ದವರು. ಅವರ ಜೀವ ತೆಗೆಯುವುದು ಬಹಳ ಸಲ ರಕ್ತಸ್ರಾವ. ಹೊರಗೆ ಕಾಣುವುದಕ್ಕಿಂತ ಹೊಟ್ಟೆಯೊಳಗೆ, ಸೊಂಟದ ಮೂಳೆಯೊಳಗೆ ಸೋರುವ ರಕ್ತ. ಅದಕ್ಕೆ ಒಂದು ಔಷಧವಿದೆ, ಟ್ರಾನೆಕ್ಸಾಮಿಕ್ ಆಸಿಡ್. ಇದನ್ನು ಕಂಡುಹಿಡಿದವರು ಜಪಾನಿನ ಉಟಾಕೊ ಒಕಾಮೊಟೊ ಮತ್ತು ಅವರ ಗಂಡ ಶೋಸುಕೆ. ಎರಡನೇ ಮಹಾಯುದ್ಧದ ನಂತರದ ಬಡತನದಲ್ಲಿ, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಪ್ರಯೋಗಾಲಯದಲ್ಲಿ ದುಡಿದ ಹೆಣ್ಣುಮಗಳು ಅವರು. ಹೆರಿಗೆಯ ನಂತರ ರಕ್ತ ಹೋಗಿ ಸಾಯುವ ತಾಯಂದಿರನ್ನು ಉಳಿಸಬೇಕೆಂಬುದು ಅವರ ಹಂಬಲವಾಗಿತ್ತು. ಔಷಧದ ಬಗ್ಗೆ 1962ರಲ್ಲಿ ಬರೆದರು. ಹೆಚ್ಚುಕಡಿಮೆ ಅರ್ಧ ಶತಮಾನ ಅದು ತುರ್ತು ಕೋಣೆಗೆ ಬರಲಿಲ್ಲ.

2010ರಲ್ಲಿ ಲಂಡನ್ನಿನ ಸಂಶೋಧಕರು ಮುಂದೆ ನಿಂತು ನಡೆಸಿದ ಕ್ರ್ಯಾಶ್-2 ಎಂಬ ಪ್ರಯೋಗದ ಫಲಿತಾಂಶ ಹೊರಬಂತು. 40 ದೇಶಗಳ 274 ಆಸ್ಪತ್ರೆಗಳು, 20,211 ಗಾಯಾಳುಗಳು. ಭಾರತದ ಆಸ್ಪತ್ರೆಗಳೂ ಅದರಲ್ಲಿದ್ದವು. ಔಷಧ ಸಿಕ್ಕವರಲ್ಲಿ ಸತ್ತವರು ನೂರಕ್ಕೆ 14.5, ಸಿಗದವರಲ್ಲಿ 16. ಅಂತರ ಸಣ್ಣದೆನಿಸಬಹುದು, ಆದರೆ ಲಕ್ಷಾಂತರ ಅಪಘಾತಗಳ ದೇಶಕ್ಕೆ ಅದು ಸಾವಿರಾರು ಮನೆಗಳ ಲೆಕ್ಕ. ಮುಂದಿನ ಅಧ್ಯಯನಗಳು ಇನ್ನೊಂದು ಸಂಗತಿಯನ್ನು ಹೊರತೆಗೆದವು. ಈ ಔಷಧ ಪೆಟ್ಟು ಬಿದ್ದ ಮೂರು ಗಂಟೆಯೊಳಗೆ ಬೀಳಬೇಕು. ಆ ಅವಧಿಯಲ್ಲೂ ಪ್ರತಿ 15 ನಿಮಿಷದ ತಡಕ್ಕೆ ಅದರ ಪ್ರಯೋಜನ ಸುಮಾರು ಹತ್ತನೇ ಒಂದು ಭಾಗದಷ್ಟು ಕುಸಿಯುತ್ತದೆ. ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಕೆಡುಕೇ ಆಗಬಹುದು. ಹೆರಿಗೆಯ ರಕ್ತಸ್ರಾವದಲ್ಲೂ ಇದು ಜೀವ ಉಳಿಸುತ್ತದೆಂದು 20,060 ಮಹಿಳೆಯರ ಮೇಲಿನ ಪ್ರಯೋಗ 2017ರಲ್ಲಿ ತೋರಿಸಿತು. ಆ ಉತ್ತರಕ್ಕಾಗಿ ಜೀವಮಾನವೆಲ್ಲ ಕಾದ ಒಕಾಮೊಟೊ ಹಿಂದಿನ ವರ್ಷವಷ್ಟೇ, 98ರ ವಯಸ್ಸಿನಲ್ಲಿ ತೀರಿಕೊಂಡಿದ್ದರು.

ಈಗ ಈ ಮೂರು ಗಂಟೆಯನ್ನು ಹಲಗೂರಿನ ದಾರಿಯ ಮೇಲಿಟ್ಟು ನೋಡಿ. ರಾತ್ರಿ ಬಿದ್ದವನನ್ನು ಯಾರಾದರೂ ಕಂಡು, ಗಾಡಿ ಬಂದು, ಒಂದು ಆಸ್ಪತ್ರೆ ಮುಟ್ಟಿ, ಅಲ್ಲಿಂದ ಇನ್ನೊಂದಕ್ಕೆ ಬರೆಸಿಕೊಂಡು, ಮೈಸೂರಿನ ಸ್ಟ್ರೆಚರಿನ ಮೇಲೆ ಮಲಗುವ ಹೊತ್ತಿಗೆ ಆ ಗಡುವು ಹರಿದುಹೋಗಿರುತ್ತದೆ. ಎರಡು ಆಂಪೂಲಿನ ಆ ಇಂಜೆಕ್ಷನ್ನು ಹಲಗೂರಿನಲ್ಲೋ ಮಳವಳ್ಳಿಯಲ್ಲೋ ಬೀಳಬೇಕು. ಮೈಸೂರಿನ ಶಸ್ತ್ರಚಿಕಿತ್ಸಕರು ಎಷ್ಟೇ ನುರಿತವರಾದರೂ ಕಳೆದ ಹೊತ್ತನ್ನು ಹಿಂದಕ್ಕೆ ತರಲಾರರು.

ಗಾಯಾಳುವನ್ನು ಎತ್ತಿ ತರಲು ಹೆದರುತ್ತಿದ್ದ ಕಾಲ ಈಗ ಸ್ವಲ್ಪ ಬದಲಾಗಿದೆ. 108 ಆರೋಗ್ಯ ಕವಚ ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ರಂದು. ಅಪಘಾತದ ರೋಗಿಗೆ ಪೊಲೀಸ್ ಕಾಗದಕ್ಕೂ ಹಣಕ್ಕೂ ಕಾಯದೆ ಚಿಕಿತ್ಸೆ ಕೊಡಬೇಕಾದ್ದು ಪ್ರತಿ ವೈದ್ಯರ ಹೊಣೆ ಎಂದು ಸುಪ್ರೀಂ ಕೋರ್ಟ್ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದ್ದು 1989ರಲ್ಲೇ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ತುಂಡಾದರೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ನಂಜಪ್ಪ ಅವರ ಹೆಸರಿನಲ್ಲಿ ಸಾಂತ್ವನ ಯೋಜನೆ ಬಂತು. ಗಾಯಾಳುವಿಗೆ ಮೊದಲ 48 ಗಂಟೆಯ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಯೋಜನೆ ಅದು. ನೆರವಿಗೆ ಬಂದವರನ್ನು ಠಾಣೆ, ಕೋರ್ಟು ಎಂದು ಅಲೆಸಬಾರದೆಂದು ರಾಜ್ಯ ಕಾನೂನು ಮಾಡಿತು. 2025ರ ಮೇ ತಿಂಗಳಿನಿಂದ ಕೇಂದ್ರದ ಯೋಜನೆಯಲ್ಲಿ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದಿಲ್ಲದ ಚಿಕಿತ್ಸೆಯ ಅವಕಾಶವಿದೆ. ಇವೆಲ್ಲವೂ ಗಾಯಾಳುವನ್ನು ಬಾಗಿಲವರೆಗೆ ತರುತ್ತವೆ. ಬಾಗಿಲ ಒಳಗೆ ಏನಾಗುತ್ತದೆ ಎಂಬುದೇ ಉಳಿದ ಪ್ರಶ್ನೆ.

ವಿಷ ಕುಡಿದವರ ಸಂಗತಿಯಲ್ಲಿ ಈ ಪ್ರಶ್ನೆಗೆ ಬಹಳ ಸ್ಪಷ್ಟ ಉತ್ತರ ಸಿಕ್ಕಿದೆ. ನಮ್ಮ ಭಾಗದಲ್ಲಿ ಕಾಣುವ ಆರ್ಗನೋಫಾಸ್ಫೇಟ್ ಕೀಟನಾಶಕಗಳು ಮೈಯೊಳಗೆ ಹೋದರೆ ಬಾಯಲ್ಲಿ ನೊರೆ, ಮೈಯೆಲ್ಲ ಬೆವರು, ಶ್ವಾಸಕೋಶದ ತುಂಬ ನೀರು. ಆಟ್ರೊಪಿನ್ ಇದಕ್ಕೆ ಮದ್ದು, ಬಹಳ ಕಾಲದಿಂದ ಗೊತ್ತಿರುವ, ಅಗ್ಗದ ಮದ್ದು. ಅದನ್ನು ಹೇಗೆ ಕೊಡಬೇಕು ಎಂಬುದರಲ್ಲೇ ಜೀವ ನಿಂತಿದೆ. ಬಾಂಗ್ಲಾದೇಶದ ಚಿತ್ತಗಾಂಗ್ ಆಸ್ಪತ್ರೆಯಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಳೆಯ ರೂಢಿಯಂತೆ ಒಂದೇ ಅಳತೆಯಲ್ಲಿ ಆಗಾಗ ಚುಚ್ಚಿದವರಲ್ಲಿ ನೂರಕ್ಕೆ 22.5 ಮಂದಿ ಸತ್ತರು. ಐದೈದು ನಿಮಿಷಕ್ಕೆ ಡೋಸನ್ನು ಇಮ್ಮಡಿ ಮಾಡುತ್ತ ಶ್ವಾಸಕೋಶ ಒಣಗುವವರೆಗೆ ಕೊಟ್ಟು, ಆಮೇಲೆ ಡ್ರಿಪ್‌ನಲ್ಲಿ ಮುಂದುವರಿಸಿದವರಲ್ಲಿ ಸತ್ತವರು 8. ಔಷಧ ಅದೇ, ಆಸ್ಪತ್ರೆಯೂ ಅದೇ, ಕೊಡುವ ಕ್ರಮವೊಂದೇ ಬೇರೆ. ಪ್ರತಿ ಐದು ನಿಮಿಷಕ್ಕೆ ಸ್ಟೆತಸ್ಕೋಪ್ ಎದೆಗಿಟ್ಟು ಕೇಳುವುದು, ಕಂಕುಳು ಮುಟ್ಟಿ ಬೆವರು ನಿಂತಿತೇ ನೋಡುವುದು, ನಾಡಿ ಎಣಿಸುವುದು, ಬಿ.ಪಿ. ನೋಡುವುದು. ಅಷ್ಟು ಹೊತ್ತು ಒಬ್ಬ ರೋಗಿಯ ಪಕ್ಕದಲ್ಲೇ ನಿಲ್ಲಲು ಒಬ್ಬರಿರಬೇಕು.

ಇದೇ ವಿಷದ ಇನ್ನೊಂದು ಮದ್ದಿನ ಬಗ್ಗೆ ಕೆಲಸ ನಡೆದದ್ದು ಮಂಡ್ಯದಂಥದ್ದೇ ಕಬ್ಬಿನ ಸೀಮೆಯಲ್ಲಿ, ಮಹಾರಾಷ್ಟ್ರದ ಬಾರಾಮತಿಯಲ್ಲಿ. ಅಲ್ಲಿನ ವೈದ್ಯರು 200 ರೋಗಿಗಳ ಮೇಲೆ ಪ್ರಾಲಿಡಾಕ್ಸೈಮ್ ಔಷಧದ ಎರಡು ಕ್ರಮಗಳನ್ನು ಹೋಲಿಸಿ ನೋಡಿ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಹೆಚ್ಚು ಪ್ರಮಾಣದಲ್ಲಿ ಸತತವಾಗಿ ಕೊಟ್ಟರೆ ಸಾವು ಕಡಿಮೆ ಎಂಬುದು ಅವರು ಕಂಡದ್ದು. ಮೂರು ವರ್ಷದ ಮೇಲೆ ಶ್ರೀಲಂಕಾದಲ್ಲಿ ನಡೆದ ಪ್ರಯೋಗಕ್ಕೆ ಆ ಲಾಭ ಕಾಣಲಿಲ್ಲ. ಹಾಗಾಗಿ ಆ ಔಷಧದ ಚರ್ಚೆ ಇನ್ನೂ ಮುಗಿದಿಲ್ಲ. ನನಗೆ ಮುಖ್ಯವೆನಿಸುವುದು, ತಾಲ್ಲೂಕು ಮಟ್ಟದ ಊರೊಂದರ ವೈದ್ಯರು ತಮ್ಮ ಮುಂದೆ ಬಂದ ರೋಗಿಗಳ ಲೆಕ್ಕವಿಟ್ಟು ಇಡೀ ಜಗತ್ತು ಚರ್ಚಿಸುವಂಥ ಪ್ರಶ್ನೆ ಎತ್ತಿದರು ಎಂಬುದು. ಕೊಂಕಣದ ಮಹಾಡ್ ಎಂಬ ಊರಿನಲ್ಲಿ ಹಿಮ್ಮತರಾವ್ ಬಾವಸ್ಕರ್ ಚೇಳು ಕಡಿತದ ಮೇಲೆ ಮಾಡಿದ್ದೂ ಅದನ್ನೇ.

ವಿಷ ಕುಡಿದ ಒಬ್ಬರಿಗೇ ಇಷ್ಟು ಗಮನ ಬೇಕಾದರೆ ನೂರು ಜನ ಒಟ್ಟಿಗೆ ಬಂದಾಗ? ಇದು ಊಹೆಯ ಪ್ರಶ್ನೆಯಲ್ಲ. 2018ರ ಡಿಸೆಂಬರ್ 14ರಂದು ಪಕ್ಕದ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ, ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ಉಂಡವರು ಒಬ್ಬೊಬ್ಬರಾಗಿ ಬಿದ್ದರು. ಪ್ರಸಾದದಲ್ಲಿ ಬೆರೆತಿದ್ದದ್ದು ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ. ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಮಂದಿ ಸತ್ತರು. ಕಾಮಗೆರೆಯ ಹೋಲಿಕ್ರಾಸ್ ಆಸ್ಪತ್ರೆಗೆ, ಕೊಳ್ಳೇಗಾಲದ ಆಸ್ಪತ್ರೆಗೆ, ಅಲ್ಲಿಂದ ಮೈಸೂರಿನ ಹಲವು ಆಸ್ಪತ್ರೆಗಳಿಗೆ ಆಂಬುಲೆನ್ಸುಗಳು ಸಾಲುಗಟ್ಟಿದವು. ಮಳವಳ್ಳಿಯಿಂದ ಕೊಳ್ಳೇಗಾಲ ಕೂಗಳತೆಯಲ್ಲಿದೆ ಎನ್ನಬೇಕು. ನಾಳೆ ಜಾತ್ರೆಯಲ್ಲೋ ಮದುವೆ ಮನೆಯಲ್ಲೋ ಇಂಥದ್ದಾದರೆ ಜನ ಮಳವಳ್ಳಿಯ ಇದೇ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬರಬೇಕು.

ಅಂಥ ಹೊತ್ತಿಗೆಂದೇ ಇರುವುದು ಟ್ರಯಾಜ್. ಬಂದವರನ್ನು ಬಂದ ಸಾಲಿನಲ್ಲಿ ನೋಡದೆ, ಅಪಾಯದ ಸಾಲಿನಲ್ಲಿ ನೋಡುವುದು. ಉಸಿರಾಟ, ನಾಡಿ, ಬಿ.ಪಿ., ಪ್ರಜ್ಞೆ, ಆಮ್ಲಜನಕದ ಅಂಶ ಇವಿಷ್ಟನ್ನು ಒಂದೆರಡು ನಿಮಿಷದಲ್ಲಿ ನೋಡಿ ಕೆಂಪು, ಹಳದಿ, ಹಸಿರು ಎಂದು ಬೇರ್ಪಡಿಸುತ್ತಾರೆ. ದೆಹಲಿಯ ಏಮ್ಸ್ ನಮ್ಮ ಆಸ್ಪತ್ರೆಗಳ ಜನಸಂದಣಿಗೆ ಹೊಂದುವಂತೆ ತನ್ನದೇ ಟ್ರಯಾಜ್ ಕ್ರಮ ರೂಪಿಸಿಕೊಂಡಿದೆ. ದಕ್ಷಿಣ ಆಫ್ರಿಕಾದಲ್ಲಿ ವೈದ್ಯರ ಕೊರತೆಯಿರುವ ಆಸ್ಪತ್ರೆಗಳಿಗೆಂದೇ, ನರ್ಸುಗಳೇ ನಡೆಸಬಲ್ಲ ಕ್ರಮವೊಂದನ್ನು 2004ರ ಸುಮಾರಿಗೆ ಕಟ್ಟಿದರು. ನಮ್ಮ ತಾಲ್ಲೂಕುಗಳಿಗೆ ಮಾದರಿಯಾಗಬೇಕಾದ್ದು ಇದು. ಕೋವಿಡ್ ಬಂದುಹೋದ ಮೇಲೆ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇಲ್ಲದ ಆಸ್ಪತ್ರೆಯಿಲ್ಲ. ಮೊದಲು ಚೀಟಿ ಮಾಡಿಸಿಕೊಂಡು ಬನ್ನಿ ಎನ್ನುವ ಜಾಗದಲ್ಲಿ ಮೊದಲು ಬೆರಳು ಕೊಡಿ ಎನ್ನುವ ಸಿಸ್ಟರೊಬ್ಬರು ಕೂತರೆ, ಎದೆ ಹಿಡಿದುಕೊಂಡು ಬೆಂಚಿನ ತುದಿಯಲ್ಲಿ ಸುಮ್ಮನೆ ಬೆವರುತ್ತಿರುವ ಅಜ್ಜ ಯಾರ ಕಣ್ಣಿಗೂ ಬೀಳದೆ ಹೋಗುವುದಿಲ್ಲ. ಗಟ್ಟಿಯಾಗಿ ಕೂಗುವವನಿಗೆ ಉಸಿರಿದೆ. ಸದ್ದಿಲ್ಲದೆ ಕೂತವನನ್ನು ಮೊದಲು ನೋಡಬೇಕು ಎಂದು ಈ ಕೆಲಸ ಕಲಿಸುವವರೆಲ್ಲ ಹೇಳುತ್ತಾರೆ.

ದೊಡ್ಡ ಆಸ್ಪತ್ರೆಯ ಗುಂಪೇ ಒಂದು ಅಪಾಯ ಎಂಬುದಕ್ಕೂ ಈಗ ಅಂಕಿಅಂಶವಿದೆ. ಇಂಗ್ಲೆಂಡಿನ ತುರ್ತು ವಿಭಾಗಗಳಿಂದ ವಾರ್ಡಿಗೆ ಸೇರಿದ 50 ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆಯನ್ನು ನೋಡಿದ 2022ರ ಅಧ್ಯಯನದ ಪ್ರಕಾರ, ಹಾಸಿಗೆ ಸಿಗದೆ ಆರರಿಂದ ಎಂಟು ಗಂಟೆ ಅಲ್ಲೇ ಕಾದ ಪ್ರತಿ 82 ಮಂದಿಗೆ ಒಂದರಂತೆ ಹೆಚ್ಚುವರಿ ಸಾವಾಗಿದೆ. 2025ರ ಬೇಸಿಗೆ ಕಳೆದು ಹಾಸನದ ಹೃದಯಾಘಾತದ ಸುದ್ದಿಗಳು ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ನಸುಕಿನಲ್ಲೇ ಜನ ಸಾಲುಗಟ್ಟಿದ್ದನ್ನು ನಾವೆಲ್ಲ ನೋಡಿದೆವು. ಭಯದಿಂದ ಬಂದ ಆರೋಗ್ಯವಂತರ ನಡುವೆ ನಿಜವಾದ ರೋಗಿ ಕಳೆದುಹೋಗುವ ಅಪಾಯ ಅಲ್ಲಿತ್ತು.

ಹೃದಯದ ವಿಷಯದಲ್ಲಿ ಮಾತ್ರ ಮೊದಲ ಆಸ್ಪತ್ರೆಗೆ ಬಲ ಕೊಡುವ ಕೆಲಸ ನಮ್ಮ ರಾಜ್ಯದಲ್ಲಿ ನಿಜಕ್ಕೂ ಶುರುವಾಗಿದೆ. 2021ರ ಅಕ್ಟೋಬರ್ 29ರಂದು ಹೃದಯಾಘಾತದಿಂದ ತೀರಿಕೊಂಡ ಪುನೀತ್ ರಾಜಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುತ್ತಾರೆ, ಅದು ಆನ್‌ಲೈನಿನಲ್ಲಿ ಹೋಗಿ ಕೆಲವೇ ನಿಮಿಷದಲ್ಲಿ ತಜ್ಞರ ಅಭಿಪ್ರಾಯ ಬರುತ್ತದೆ, ರಕ್ತನಾಳ ಕಟ್ಟಿರುವುದು ಖಚಿತವಾದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಹೊರಗೆ ಹತ್ತಾರು ಸಾವಿರ ರೂಪಾಯಿ ಬೆಲೆಯ ಔಷಧವದು. ಆಮೇಲೆ ಜಯದೇವದಂಥ ಕೇಂದ್ರಕ್ಕೆ ಕಳಿಸುತ್ತಾರೆ. ಇದು ಬರಿಯ ಒಳ್ಳೆಯ ಆಲೋಚನೆಯಷ್ಟೇ ಆಗಿ ಬಂದದ್ದಲ್ಲ. ತಮಿಳುನಾಡಿನಲ್ಲಿ ಸಣ್ಣ ಆಸ್ಪತ್ರೆಗಳನ್ನು ದೊಡ್ಡ ಕೇಂದ್ರಗಳಿಗೆ ಹೀಗೆ ಜೋಡಿಸಿ, 2,420 ರೋಗಿಗಳನ್ನು ಒಂದು ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಗಿತ್ತು. ವರ್ಷದೊಳಗೆ ಸಾಯುವವರ ಪ್ರಮಾಣ ನೂರಕ್ಕೆ 17.6ರಿಂದ 14.2ಕ್ಕೆ ಇಳಿದಿತ್ತು. ಹೃದಯಕ್ಕೆ ಮಾಡಿದ್ದನ್ನು ಹಾವಿನ ವಿಷಕ್ಕೂ, ರಕ್ತಸ್ರಾವಕ್ಕೂ, ಕೀಟನಾಶಕಕ್ಕೂ ಮಾಡಲು ಏನು ಅಡ್ಡಿ? ಫೋಟೊ ನೋಡಿ ರೆಪ್ಪೆ ಜೋತಿದೆಯೇ ಹೇಳುವ ತಜ್ಞ ಫೋನಿನ ಆಚೆ ತುದಿಯಲ್ಲಿದ್ದರೆ ಹಲಗೂರಿನ ವೈದ್ಯರು ಒಂಟಿಯಲ್ಲ.

ಒಬ್ಬ ರೋಗಿ ಮೂರು ಆಸ್ಪತ್ರೆ ದಾಟುವಾಗ ಅವನ ಜೊತೆ ಹೋಗುವ ಕಾಗದವನ್ನು ಗಮನಿಸಿ. ಬಹಳ ಸಲ ಒಂದೂವರೆ ಸಾಲು: ಕೇಸ್ ಆಫ್ ಸೋ ಅಂಡ್ ಸೋ, ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ. ಆಟ್ರೊಪಿನ್ ಎಷ್ಟು ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆಯದಿದ್ದರೆ ಮುಂದಿನ ವೈದ್ಯರಿಗೆ ಕಾಣುವ ಒಣಬಾಯಿ, ಅರಳಿದ ಕಣ್ಣುಪಾಪೆ ಔಷಧದಿಂದ ಬಂದದ್ದೋ ಬೇರೆ ಕಾರಣದಿಂದಲೋ ತಿಳಿಯುವುದಿಲ್ಲ. ಆಂಟಿವೆನಮ್ ಎಷ್ಟು ವಯಲ್ ಹೋಗಿದೆ ಎಂದಿಲ್ಲದಿದ್ದರೆ ಮತ್ತೆ ಮೊದಲಿನಿಂದ ಶುರು. ಅಮೆರಿಕ ಮತ್ತು ಕೆನಡಾದ ಒಂಬತ್ತು ಆಸ್ಪತ್ರೆಗಳಲ್ಲಿ ಪಾಳಿ ಬದಲಾಗುವಾಗ ಒಬ್ಬ ವೈದ್ಯರು ಇನ್ನೊಬ್ಬರಿಗೆ ರೋಗಿಯನ್ನು ಒಪ್ಪಿಸುವ ಮಾತಿಗೆ ಒಂದು ಖಚಿತ ಕ್ರಮ ಹಾಕಿಕೊಟ್ಟಾಗ, ಚಿಕಿತ್ಸೆಯ ತಪ್ಪುಗಳು ನೂರಕ್ಕೆ 23ರಷ್ಟು, ತಡೆಯಬಹುದಾಗಿದ್ದ ಹಾನಿಗಳು ನೂರಕ್ಕೆ 30ರಷ್ಟು ಕಡಿಮೆಯಾದವು ಎಂದು 2014ರಲ್ಲಿ ವರದಿಯಾಯಿತು. ಒಂದೇ ಕಟ್ಟಡದೊಳಗೇ ಹೀಗಾದರೆ, ಮಳವಳ್ಳಿಯಿಂದ ಮೈಸೂರಿಗೆ ಹೋಗುವ ರೋಗಿಗೆ ಅಚ್ಚುಹಾಕಿದ ಒಂದು ಪುಟ ಎಷ್ಟು ಕೆಲಸ ಮಾಡಬಹುದು! ಎಷ್ಟೊತ್ತಿಗೆ ಆಯಿತು, ಬಂದಾಗ ನಾಡಿ, ಬಿ.ಪಿ., ಉಸಿರು ಹೇಗಿತ್ತು, ಏನು ಕೊಟ್ಟೆವು, ಎಷ್ಟು ಗಂಟೆಗೆ, ದಾರಿಯಲ್ಲಿ ಏನನ್ನು ನೋಡಿಕೊಳ್ಳಬೇಕು. ಜೊತೆಗೆ ಮುಂದಿನ ಆಸ್ಪತ್ರೆಗೆ ಒಂದು ಫೋನು, ಹಾಸಿಗೆ ಇದೆಯೇ ಎಂದು ಕೇಳಿಯೇ ಹೊರಡಿಸುವುದು.

ದಾರಿಯ ಆಮ್ಲಜನಕದ ಲೆಕ್ಕವೂ ಹೀಗೆಯೇ. ಆಂಬುಲೆನ್ಸಿನಲ್ಲಿಡುವ ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಅನಿಲವಿರುತ್ತದೆ. ರೋಗಿಗೆ ನಿಮಿಷಕ್ಕೆ 15 ಲೀಟರ್ ಬೇಕಾದರೆ ಅದು 100 ನಿಮಿಷ ಬರುತ್ತದೆ, ಅದೂ ತುಂಬಿದ್ದರೆ. ಅರ್ಧ ಖಾಲಿಯಾಗಿದ್ದರೆ ಬನ್ನೂರು ದಾಟುವುದರೊಳಗೆ ಮುಗಿದೀತು. ಮೀಟರ್ ನೋಡಿ ಭಾಗಿಸಿ ಹೊರಡುವುದು ಒಂದು ನಿಮಿಷದ ಕೆಲಸ. 2021ರ ಮೇ 2 ಮತ್ತು 3ರ ನಡುವಿನ ರಾತ್ರಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಸತ್ತದ್ದನ್ನು ಈ ಭಾಗದ ಯಾರೂ ಮರೆತಿಲ್ಲ. ಅನಿಲ ಎಷ್ಟಿದೆ, ಎಷ್ಟು ಗಂಟೆಗೆ ಸಾಕು ಎಂಬ ಗುಣಾಕಾರವನ್ನು ದಿನಕ್ಕೆರಡು ಸಲ ಬರೆದಿಡುವ ರೂಢಿ ಎಲ್ಲ ಆಸ್ಪತ್ರೆಗಳಲ್ಲೂ ಉಳಿಯಬೇಕಾದ್ದು ಆ ಕಾರಣಕ್ಕೆ. ಏಮ್ಸ್ ಜೊತೆ ಸೇರಿ ನೀತಿ ಆಯೋಗ ದೇಶದ 100 ಆಸ್ಪತ್ರೆಗಳನ್ನು ನೋಡಿ 2021ರಲ್ಲಿ ಕೊಟ್ಟ ವರದಿಯಲ್ಲಿ ಶೇಕಡ 91 ಆಸ್ಪತ್ರೆಗಳಲ್ಲಿ ಸ್ವಂತ ಆಂಬುಲೆನ್ಸ್ ಇತ್ತು. ಅದರೊಳಗೆ ಕೂರಲು ತರಬೇತಾದ ಸಿಬ್ಬಂದಿ ಇದ್ದದ್ದು ಶೇಕಡ 34ರಲ್ಲಿ. ಗಾಡಿ ಕೊಳ್ಳುವುದು ಸುಲಭ, ಒಳಗೆ ಕೂರುವವರನ್ನು ತಯಾರುಮಾಡುವುದು ಕಷ್ಟ.

ಕ್ಯಾಜುಯಲ್ಟಿಯಲ್ಲಿ ಡಾಕ್ಟರ ಮೇಲೆ, ಸಿಸ್ಟರ ಮೇಲೆ ಕೈಮಾಡುವ ಸುದ್ದಿಗಳು ಆಗಾಗ ಬರುತ್ತವೆ. ಅದನ್ನು ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಕಾನೂನು ಬೇಕು. ಅದರ ಜೊತೆಗೆ, ಒಳಗೆ ಏನು ನಡೆಯುತ್ತಿದೆ ಎಂದು ಹೊರಗೆ ನಿಂತ ಮನೆಯವರಿಗೆ ಹದಿನೈದು ನಿಮಿಷಕ್ಕೊಮ್ಮೆ ಬಂದು ಹೇಳುವ ಒಬ್ಬ ಮನುಷ್ಯ ಬೇಕು. ‘ಅಣ್ಣ, ಔಷಧಿ ಕೊಟ್ಟಿದ್ದೀವಿ, ಇನ್ನರ್ಧ ಗಂಟೆ ನೋಡಿ ಕಳಿಸ್ತೀವಿ, ಉಸಿರು ಚೆನ್ನಾಗೈತೆ’ ಎಂದು ಒಂದು ಮಾತು ಬಂದರೆ ಗುಂಪಿನ ಸಿಟ್ಟು ಅರ್ಧ ಇಳಿಯುತ್ತದೆ. ರೋಗಿಯನ್ನು ನಿಲ್ಲಿಸಿಕೊಂಡು ಸ್ಥಿರಗೊಳಿಸುವ ವೈದ್ಯರಿಗೆ ಹೊಡೆತದ ಭಯವಿದ್ದರೆ ಅವರು ನೇರ ಮಂಡ್ಯಕ್ಕೆ ಬರೆದು ಕೈತೊಳೆದುಕೊಳ್ಳುತ್ತಾರೆ. ಅದರ ನಷ್ಟ ಊರಿನವರಿಗೇ.

ಇಷ್ಟೆಲ್ಲ ಅಧ್ಯಯನಗಳನ್ನು ಲಂಡನ್ನು, ಚಿತ್ತಗಾಂಗ್, ಬಾರಾಮತಿ, ತಮಿಳುನಾಡಿನಿಂದ ತಂದು ಹೇಳಬೇಕಾಯಿತು. ಹಲಗೂರಿನ ದಾರಿಯ ಬಗ್ಗೆ ಇಂಥದ್ದೊಂದು ಕೆಲಸ ಆಗಬೇಕು, ಆಗಲೂಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ಡಾ. ಜಿ. ಗುರುರಾಜ್ ಅವರ ತಂಡ 2007ರಿಂದ ಪೊಲೀಸ್ ಠಾಣೆ ಮತ್ತು ಆಸ್ಪತ್ರೆಗಳ ದಾಖಲೆಗಳನ್ನು ಜೋಡಿಸಿ ನಗರದ ಅಪಘಾತಗಳ ಚಿತ್ರ ಕಟ್ಟಿದ್ದು ಹೀಗೆಯೇ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಸಮುದಾಯ ವೈದ್ಯಕೀಯದ ವಿಭಾಗವಿದೆ, ಪ್ರಬಂಧ ಬರೆಯಲೇಬೇಕಾದ ವಿದ್ಯಾರ್ಥಿಗಳಿದ್ದಾರೆ. ಹಾವು ಕಡಿತದ ವರದಿ ಕಡ್ಡಾಯವಾಗಿದೆ, 108ರ ಪ್ರತಿ ಕರೆಗೂ ಹೊತ್ತು ದಾಖಲಾಗುತ್ತದೆ. ಅವುಗಳ ಜೊತೆಗೆ ಹಲಗೂರು, ಮಳವಳ್ಳಿ, ಮದ್ದೂರಿನ ಕ್ಯಾಜುಯಲ್ಟಿ ರಿಜಿಸ್ಟರಿನಲ್ಲಿ ಐದು ಕಾಲಂ ಸೇರಿಸಿದರೆ ಸಾಕು: ಘಟನೆ ನಡೆದ ಹೊತ್ತು, ಬಾಗಿಲಿಗೆ ಬಂದ ಹೊತ್ತು, ಮೊದಲ ಔಷಧ ಬಿದ್ದ ಹೊತ್ತು, ಮುಂದಿನ ಆಸ್ಪತ್ರೆ ಮುಟ್ಟಿದ ಹೊತ್ತು, ರೋಗಿ ಮನೆಗೆ ಮರಳಿದರೇ ಇಲ್ಲವೇ. ಒಂದು ವರ್ಷದ ಅಂಥ ಲೆಕ್ಕ ಕೈಗೆ ಬಂದರೆ, ಹಲಗೂರಿನ ರಾತ್ರಿ ಪಾಳಿಗೆ ಇನ್ನೊಬ್ಬ ಸಿಸ್ಟರ್ ಬೇಕೋ, ಎರಡನೇ ಆಂಬುಲೆನ್ಸ್ ಬೇಕೋ, ಮಳೆಗಾಲಕ್ಕೆ ಮುಂಚೆಯೇ ಆಂಟಿವೆನಮ್ ದಾಸ್ತಾನು ಹೆಚ್ಚಬೇಕೋ ಎಂಬುದನ್ನು ಮಳವಳ್ಳಿಯ ಯಾವ ಸಭೆಯಲ್ಲಾದರೂ ಅಂಕಿ ಮುಂದಿಟ್ಟೇ ಕೇಳಬಹುದು.